ಹನಿ ಕಾಣವಲ್ದು, ಕೂಲೆಂಟ್ ಮಾತ್ರ ಖಾಲಿ

ಗಾಡಿ-ಗ್ಯಾರೇಜ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ ನಮಸ್ಕಾರ್ರಿ. ನಮ್ದು 2012ರ ಮಾಡೆಲ್ ಡೀಸೆಲ್ ಪಿಕಪ್ ಐತ್ರಿ, ಸೆಕೆಂಡ್ ಹ್ಯಾಂಡ್ ತೊಗೊಂಡು ನಾಕ ವರ್ಷ ಆತು, ಮೀಟರ್ 2 ಲಕ್ಷ 60 ಸಾವಿರ ತೋರಸ್ತೈತಿ, ಖರೇ ಎಷ್ಟು ಓಡೇತೋ ದೇವರಿಗೇ ಗೊತ್ತು. ಅಣ್ಣಿಗೇರಿಯಿಂದ ಹುಬ್ಬಳ್ಳಿ ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ, ಸೀಸನ್ ಬಂದ್ರ ಬ್ಯಾಡಗಿಗೆ ಮೆಣಸಿನಕಾಯಿ ಹೊಡೀತೀನಿ. ಎರಡ ತಿಂಗಳಿಂದ ವಾರಕ್ಕ ಹತ್ತತ್ರ ಒಂದು ಲೀಟರ್ ಕೂಲೆಂಟ್ ಕಡಿಮಿ ಆಗಾಕತ್ತೈತಿ. ಗಾಡಿ ಕೆಳಗ ನೋಡಿದ್ರ ಒಂದು ಹನಿ ಇಲ್ಲ, ಡಿಪ್‌ಸ್ಟಿಕ್ ಎಳದ್ರ ಎಣ್ಣಿ ಸ್ವಚ್ಛ ಐತಿ, ಬಿಳಿ ಹೊಗಿ ಇಲ್ಲ, ಟೆಂಪರೇಚರ್ ಮುಳ್ಳು ನಡುವನ ನಿಂತಿರ್ತೈತಿ. ಒಬ್ರು ಮೆಕ್ಯಾನಿಕ್ ಎಂಜಿನ್ ಬ್ಲಾಕಿಗೂ ಅದರ ಮ್ಯಾಲಿನ ಹೆಡ್ಡಿಗೂ ನಡುವ ಇರೋ ಹೆಡ್ ಗ್ಯಾಸ್ಕೆಟ್ ಹೋಗೇತಿ, ಹೆಡ್ ಇಳಸ್ಬೇಕು, 22 ಸಾವಿರ ಆಗ್ತೈತಿ ಅಂದ್ರು. ಇನ್ನೊಬ್ರು ಹಳೇ ಗಾಡಿ ನೀರು ಕುಡೀತಾವು, ಹಾಕ್ಕೋತ ಹೋಗು ಅಂದ್ರು. ಸದ್ಯಕ್ಕ ಹೊಲದ ಬೋರಿನ ನೀರು ಹಾಕ್ಕೊಂಡು ನಡಸೇನ್ರಿ. ಯಾರ ಮಾತು ಕೇಳ್ಲಿ?
ಪಿಕಪ್ ಮಾಲಕರು, ಅಣ್ಣಿಗೇರಿ

ಉತ್ತರ: ಸದ್ಯಕ್ಕ ಇಬ್ರದೂ ಕೇಳಬ್ಯಾಡ್ರಿ. ಗಾಡಿ ನೀರು ಕುಡಿಯಾಕ ಅದೇನು ಎಮ್ಮಿ ಅಲ್ಲ. ಕೂಲೆಂಟ್ ಅಂದ್ರ ಮುಚ್ಚಿದ ಲೈನಿನ್ಯಾಗ ಸುತ್ತಿ ಎಂಜಿನ್ ತಂಪ ಮಾಡೋ ದ್ರಾವಣ, ಡೀಸೆಲ್‌ನಂಗ ಉರದು ಖಾಲಿ ಆಗೋ ಸಾಮಾನಲ್ಲ. ಕಡಿಮಿ ಆಗೇತಿ ಅಂದ್ರ ಹೋಗಾಕ ದಾರಿ ಇರೋದು ಮೂರ: ಒಂದು ಹೊರಗ ಬಿದ್ದೈತಿ, ಇಲ್ಲಾ ಸಿಲಿಂಡರ್‌ನ್ಯಾಗ ಹೋಗಿ ಸೈಲೆನ್ಸರ್ ಮುಖಾಂತ್ರ ಆವಿ ಆಗೇತಿ, ಇಲ್ಲಾ ಎಂಜಿನ್ ಎಣ್ಣಿಗೆ ಸೇರೇತಿ. ನಿಮ್ಮ ಎಣ್ಣಿ ಸ್ವಚ್ಛ ಐತಿ ಅಂದ್ರಿ, ಎರಡ ತಿಂಗಳಿಗೆ ಎಂಟು ಲೀಟರ್ ನೀರು ಎಣ್ಣಿ ಚೇಂಬರ್‌ಗೆ ಇಳದಿದ್ರ ಡಿಪ್‌ಸ್ಟಿಕ್ ಮ್ಯಾಲ ಲೆವಲ್ ಏರಿ ಎಣ್ಣಿ ಮಜ್ಜಿಗಿ ಆಗಿರ್ತಿತ್ತು, ಹಂಗಾಗಿ ಮೂರನೇದು ಬಿಡ್ರಿ. ಉಳದಿದ್ದು ಎರಡು, ಅದರಾಗ ಮೊದಲನೇದನ್ನ ಪೂರ್ತಿ ನೋಡಿ ಮುಗಸೋತನಕ ಹೆಡ್ ಬೋಲ್ಟಿಗೆ ಪಾನಾ ಹಚ್ಚಾಕ ಯಾರಿಗೂ ಬಿಡಬ್ಯಾಡ್ರಿ.

ಕೆಳಗ ಹನಿ ಇಲ್ಲಲ್ರೀ ಅಂತೀರಿ. ಇಲ್ಲೇ ಎಲ್ಲಾರೂ ತಪ್ಪೋದು ನೋಡ್ರಿ. ಒಂದು ಲೆಕ್ಕ ಹಾಕೂಣು. ಸುಮಾರು 20 ಹನಿ ಸೇರಿದ್ರ ಒಂದು ಮಿಲಿಲೀಟರ್. ಗಾಡಿ ಓಡಬೇಕಾದ್ರ ಸೆಕೆಂಡಿಗೆ ಒಂದ ಹನಿ ಬಿದ್ದೈತಿ ಅಂತ ಹಿಡೀರಿ, ತಾಸಿಗೆ 3,600 ಹನಿ, ಅಂದ್ರ 180 ಮಿಲಿಲೀಟರ್, ಐದೂವರಿ ತಾಸಿಗೆ ಒಂದು ಲೀಟರ್ ಹೋತು. ನೀವು ವಾರಕ್ಕ ಅಷ್ಟು ತಾಸು ಓಡಸೇ ಓಡಸ್ತೀರಿ. ಆ ಹನಿ ಸುಡೋ ಬ್ಲಾಕ್ ಮ್ಯಾಲೋ ಸೈಲೆನ್ಸರ್ ಪೈಪಿನ ಮ್ಯಾಲೋ ಬಿದ್ರ ಚುಂಯ್ ಅಂದು ಅಲ್ಲೇ ಮಾಯ, ಫ್ಯಾನ್ ಗಾಳಿ ಬಾಕಿದ್ದನ್ನ ಹೊಡಕೊಂಡು ಹೋಗ್ತೈತಿ, ನೀವು ಮನಿಗೆ ಬಂದು ಗಾಡಿ ನಿಲ್ಲಿಸಿ ಬಗ್ಗಿ ನೋಡಿದ್ರ ಒಣಾ ನೆಲ. ಅದಕ್ಕ ನೆಲ ನೋಡಬ್ಯಾಡ್ರಿ, ಕಲೆ ನೋಡ್ರಿ. ಕೂಲೆಂಟ್ ಒಣಗಿದ್ರೂ ತನ್ನ ಗುರ್ತು ಬಿಟ್ಟು ಹೋಗ್ತೈತಿ, ಹಸರು ಇಲ್ಲಾ ಗುಲಾಬಿ ಬಣ್ಣದ ಚಿಪ್ಪಿನಂಥ ಕೆರಕಲ. ಬೋರಿನ ನೀರು ಹಾಕಿದವರಿಗಂತೂ ಇನ್ನೂ ಸಲೀಸು, ಬಚ್ಚಲದ ಹಂಡೇಕ ಕಟ್ತೈತಲ್ಲ ಬಿಳಿ ಸುಣ್ಣ, ಹಂಗ ಕಟ್ಟಿರ್ತೈತಿ.

ಇನ್ನೊಂದು ಮಜಾ ಅಂದ್ರ ಕೆಲವು ಲೀಕ್ ಗಾಡಿ ತಣ್ಣಗಿದ್ದಾಗಷ್ಟ ಆಗ್ತಾವು. ಚಳಿಗಾಲದ ನಸುಕಿನ್ಯಾಗ ಹೋಸ್ ಪೈಪಿನ ರಬ್ಬರ್ ಕುಗ್ತೈತಿ, ಕ್ಲಿಪ್ ಸಡ್ಲ ಆಗ್ತೈತಿ, ನಾಕ ಹನಿ ಬೀಳ್ತಾವು, ಎಂಜಿನ್ ಕಾದ ಕೂಡ್ಲೆ ರಬ್ಬರ್ ಉಬ್ಬಿ ಬಂದಾಗ್ತೈತಿ. ಮೆಕ್ಯಾನಿಕ್ ಹತ್ರ ನೀವು ಹನ್ನೊಂದಕ್ಕ ಬಿಸಿ ಗಾಡಿ ಒಯ್ದ್ರ ಅವರಿಗೇನು ಕಾಣಬೇಕು ಪಾಪ. ರಾತ್ರಿ ಎಂಜಿನ್ ಕೆಳಗ ಒಂದು ದೊಡ್ಡ ರಟ್ಟು ಹಾಸ್ರಿ, ಫ್ರಿಜ್ಜಿನ ಡಬ್ಬಿದು ಸಿಕ್ರ ಛಲೋ, ಮುಂದಿನ ಗಾಲಿ ಎಲ್ಲಿಗೆ ಬರ್ತೈತಿ ಅಂತ ಪೆನ್ನಿಲೆ ಗೀಟು ಹೊಡೀರಿ. ಮುಂಜಾನೆ ಅದರ ಮ್ಯಾಲ ರೂಪಾಯಿ ನಾಣ್ಯದಷ್ಟು ಕಲೆ ಬಿದ್ದಿದ್ರೂ ಸಾಕು, ಅದರ ನೆಟ್ಟಗ ಮ್ಯಾಲ ಏನೈತಿ ಅಂತ ಹುಡುಕೋದಷ್ಟ.

ಅದಕ್ಕೂ ಮೊದಲು ಒಂದು ಪ್ರಶ್ನೆ ನಾನ ಕೇಳ್ತೀನಿ: ಸೈಡಿನ ಪ್ಲಾಸ್ಟಿಕ್ ಬಾಟ್ಲಿಗೆ ಎಲ್ಲಿತನಕ ತುಂಬಸ್ತೀರಿ? ಕಡಿಮಿ ಆಗೇತಿ ಅಂತ ಅಂಜಿ ಕೊಳ್ಳತನಕ ತುಂಬಸೋರು ಭಾಳ ಮಂದಿ ಅದಾರ. ಕಾದ ಮ್ಯಾಲೆ ಕೂಲೆಂಟ್ ಹಿಗ್ಗತೈತಿ, ಹಿಗ್ಗಿದ್ದು ಬಾಟ್ಲಿಗೆ ಬರ್ತೈತಿ, ಬಾಟ್ಲಿಯೊಳಗ ಜಾಗಾ ಇರಲಿಲ್ಲಂದ್ರ ಹೊರಗ ಚೆಲ್ತೈತಿ, ಮರುದಿನ ನೋಡಿದ್ರ ಲೆವಲ್ ಕೆಳಗ, ಮತ್ತ ತುಂಬಸೋದು. ಲೀಕೇ ಇಲ್ಲದ ಗಾಡಿ ಆರ ತಿಂಗಳು ಹಿಂಗ 'ನೀರು ಕುಡದಿದ್ದು' ನಾನು ನೋಡೇನಿ. ಗಾಡಿ ಪೂರ್ತಿ ತಣ್ಣಗಿದ್ದಾಗ ಎರಡು ಗೀಟಿನ ನಡುವ ಇರಬೇಕು, ಅಷ್ಟ. ಹಂಗ ಕೂಲೆಂಟ್ ಪೂರ್ತಿ ಬದಲಿ ಮಾಡಿಸಿ ಎರಡ ಮೂರ ದಿನ ಲೆವಲ್ ಇಳದ್ರ ಅದು ಒಳಗ ಸಿಕ್ಕ ಗಾಳಿ ಹೊರಗ ಬಂದಿದ್ದು, ಗಾಬರಿ ಆಗಬ್ಯಾಡ್ರಿ.

ಎರಡನೇದು ರೇಡಿಯೇಟರ್ ಕ್ಯಾಪ್. ಇದನ್ನ ಬರೇ ಮುಚ್ಚಳ ಅಂತ ತಿಳಕೋತಾರ, ಅದು ಕುಕ್ಕರಿನ ಸೀಟಿ ಇದ್ದಂಗ. ಅದರ ಮ್ಯಾಲ 0.9 ಅಂತಲೋ 1.1 ಅಂತಲೋ ಬರದಿರ್ತೈತಿ, ಅದು ಬಾರ್ ಲೆಕ್ಕದ ಪ್ರೆಶರ್. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರ್ ಚಿಲ್ಲರೆ ಮ್ಯಾಲೈತಿ, ಇಲ್ಲೆ ತೆರದ ಪಾತ್ರಿಯೊಳಗ ನೀರು 98 ಡಿಗ್ರಿಗೇ ಕುದೀತೈತಿ, ಅದ ನೀರು 0.9 ಕ್ಯಾಪಿನ ಕೆಳಗ ಸುಮಾರು 118ತನಕ ಕುದಿಯಂಗಿಲ್ಲ. ಕ್ಯಾಪಿನ ಸ್ಪ್ರಿಂಗ್ ಸೋತಿತ್ತು ಇಲ್ಲಾ ರಬ್ಬರ್ ವಾಷರ್ ಸೆಟೆದಿತ್ತು ಅಂದ್ರ ಆ ಪ್ರೆಶರ್ ನಿಲ್ಲಂಗಿಲ್ಲ, ಲೋಡ್ ಹಾಕ್ಕೊಂಡು ಏರು ಹತ್ತಿದಾಗ ಒಳಗ ಕುದ್ದು ಬಾಟ್ಲಿಗೆ ಉಗುಳತೈತಿ, ಬಾಟ್ಲಿ ತುಂಬಿ ರಸ್ತೆಕ್ಕ ಹೋಗ್ತೈತಿ, ಹಿಂದ ಬರೋ ಬೈಕಿನವರಿಗಷ್ಟ ಗೊತ್ತಾಗೋದು. ಕ್ಯಾಪಿನೊಳಗ ಇನ್ನೊಂದು ಸಣ್ಣ ವಾಲ್ವ್ ಐತಿ, ಎಂಜಿನ್ ಆರಿದಾಗ ಬಾಟ್ಲಿಯಿಂದ ಕೂಲೆಂಟ್ ವಾಪಸ್ ಜಗ್ಗಿಕೊಳ್ಳೋದು ಅದರ ಕೆಲಸ. ಮುಂಜಾನೆ ಬಾನೆಟ್ ಎತ್ತಿದಾಗ ಮ್ಯಾಲಿನ ಹೋಸ್ ಪೈಪ್ ಚಪ್ಪಟಿ ಆಗಿದ್ರ ಆ ವಾಲ್ವ್ ಹಿಡದೈತಿ ಅಂತ ಅರ್ಥ. ಬಾಟ್ಲಿ ತುಂಬೇತಿ, ರೇಡಿಯೇಟರ್ ಮಾತ್ರ ಖಾಲಿ ಅಂದ್ರ ಕ್ಯಾಪ್ ನೋಡ್ರಿ, ಬಾಟ್ಲಿಗೆ ಹೋಗೋ ಸಣ್ಣ ಟ್ಯೂಬ್ ಸೀಳೇತೇನು ಅದೂ ನೋಡ್ರಿ. ಕ್ಯಾಪ್ ಅಗ್ಗದ ಸಾಮಾನು, ನಿಮ್ಮ ಗಾಡಿಗೆ ಎಷ್ಟು ಬಾರ್ ಐತೋ ಅದನ್ನ ಕೇಳಿ ತೊಗೊಳ್ರಿ, ಗಟ್ಟಿ ಇರ್ಲಿ ಅಂತ ಹೆಚ್ಚಿನ ಬಾರ್‌ದು ಹಾಕಿದ್ರ ಹಳೇ ರೇಡಿಯೇಟರ್ ಒಡೀತೈತಿ. ಮತ್ತ ಬಿಸಿ ಇದ್ದಾಗ ಕ್ಯಾಪ್ ತಿರುವಬ್ಯಾಡ್ರಿ, ಎಷ್ಟು ಸಲ ಹೇಳಿದ್ರೂ ವರ್ಷಕ್ಕ ಒಬ್ರಾದ್ರೂ ಮಾರಿ ಸುಟ್ಕೊಂಡು ನನಗ ಫೋನ್ ಮಾಡ್ತಾರ.

ಮೂರನೇದು ವಾಟರ್ ಪಂಪ್, ನಮ್ಮ ಕಡೆ ವಾಟರ್ ಬಾಡಿ ಅಂತಾರಲ್ಲ ಅದು. ಅದರ ಹೊಟ್ಟಿ ಕೆಳಗ ಕಡ್ಲಿಬ್ಯಾಳಿ ಹೋಗುವಷ್ಟು ಒಂದು ತೂತು ಇರ್ತೈತಿ. ಒಳಗಿನ ಸೀಲ್ ಹೋದ್ರ ನೀರು ಬೇರಿಂಗ್‌ಗೆ ಹೋಗದ ಆ ತೂತಿಲೆ ಹೊರಗ ಬರ್ಲಿ ಅಂತ ಕಂಪನಿಯವರು ಬೇಕಂತಲೇ ಬಿಟ್ಟ ತೂತದು. ಅದನ್ನ ನಾನು ನನ್ನ ಇಪ್ಪತ್ತೆರಡನೇ ವಯಸ್ಸಿಗೆ, ಗೋಕುಲ ರೋಡಿನ ಒಂದು ಗ್ಯಾರೇಜಿನ್ಯಾಗ ಕೆಲಸಾ ಕಲಿಯೋ ಹೊತ್ತಿನ್ಯಾಗ, ಲೀಕ್ ಹಿಡದೆ ಅಂತ ಹುರುಪಿಲೆ ಎಂ-ಸೀಲ್ ತುಂಬಿ ಬಂದ್ ಮಾಡಿದ್ದೆ. ಹನಿ ನಿಂತು, ಮಾಲಕರು ಖುಷಿ ಆಗಿ ಚಾ ಕುಡಿಸಿದ್ರು. ಹದಿನೈದ ದಿನಕ್ಕ ನೀರೆಲ್ಲಾ ಬೇರಿಂಗ್‌ಗೆ ಹೋಗಿ ಅದು ತಿಂದು, ಬಂಕಾಪುರದ ಹತ್ರ ಪಂಪ್ ಲಟಕ್ ಅಂದು, ಅದರ ಮ್ಯಾಲ ಕುಂತಿದ್ದ ಫ್ಯಾನ್ ಮುಂದ ಹೋಗಿ ರೇಡಿಯೇಟರ್ ಕೊರದು ಇಟ್ಟಿತ್ತು. ಆ ತೂತಿಗೆ ಬಟ್ಟು ಹಚ್ಚಿ ನೋಡ್ರಿ, ಹಸಿ ಇದ್ರ ಇಲ್ಲಾ ಅಲ್ಲಿಂದ ಕೆಳಗ ಸುಣ್ಣದ ಗೀಟು ಇಳದಿದ್ರ ಪಂಪ್ ಬದಲಿ ಮಾಡ್ರಿ, ತೂತು ಮುಚ್ಚಬ್ಯಾಡ್ರಿ. ಪುಲ್ಲಿ ಹಿಡದು ಅಲ್ಲಾಡಿಸಿದಾಗ ಆಟ ಬಂದ್ರಂತೂ ಬ್ಯಾಡಗಿತನಕ ಹೋಗೋ ಧೈರ್ಯ ಮಾಡಬ್ಯಾಡ್ರಿ.

ಇಷ್ಟೆಲ್ಲಾ ನೋಡಿನೂ ಸಿಗಲಿಲ್ಲಂದ್ರ ಪ್ರೆಶರ್ ಟೆಸ್ಟ್ ಮಾಡಿಸ್ರಿ. ಸೈಕಲ್ ಪಂಪಿನಂಥದ್ದು, ಮೀಟರ್ ಇರ್ತೈತಿ, ಕ್ಯಾಪಿನ ಜಾಗಾಕ್ಕ ಕುಂಡ್ರಿಸಿ ಗಾಳಿ ಹೊಡಿಯೋದು. ಎಂಜಿನ್ ತಣ್ಣಗಿರಬೇಕು, ಕ್ಯಾಪ್ ಮ್ಯಾಲ ಬರದಿದ್ದಕ್ಕಿಂತ ಹೆಚ್ಚು ಹೊಡಿಯಂಗಿಲ್ಲ. ಹೊಡದು ಇಪ್ಪತ್ತು ನಿಮಿಷ ಬಿಡ್ರಿ. ಮುಳ್ಳು ಅಲ್ಲಾಡಲಿಲ್ಲಂದ್ರ ಲೀಕ್ ಬಿಸಿ ಇದ್ದಾಗಷ್ಟ ಐತಿ ಇಲ್ಲಾ ಕ್ಯಾಪಿನ್ಯಾಗ ಐತಿ. ಮುಳ್ಳು ಇಳೀತು ಅಂದ್ರ ಟಾರ್ಚ್ ಹಿಡದು ಹುಡುಕ್ರಿ, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂ ಕೂಡೋ ಅಂಚು, ಥರ್ಮೋಸ್ಟಾಟ್ (ಕಾದ ಮ್ಯಾಲೆ ಕೂಲೆಂಟ್ ರೇಡಿಯೇಟರ್‌ಗೆ ಬಿಡೋ ವಾಲ್ವ್) ಹೌಸಿಂಗ್, ಎಂಜಿನ್ ಹಿಂದಿನ ಕಬ್ಬಿಣದ ಪೈಪು, ಬ್ಲಾಕಿನ ಮಗ್ಗಲಿಗೆ ಬಡದಿರ್ತಾರಲ್ಲ ಬಟ್ಟಲದಂಥ ತಗಡಿನ ಮುಚ್ಚಳ, ಡಮ್ಮಿ ಅಂತಾರ, ಅವನ್ನೂ ಬಿಡಬ್ಯಾಡ್ರಿ. ಒಂದು ಸಣ್ಣ ಕನ್ನಡಿ ಹಿಡಕೊಂಡ್ರ ಹಿಂದಿನ ಭಾಗ ಕಾಣತೈತಿ, ನಾನು ಹಳೇ ಬೈಕಿನ ಕನ್ನಡಿ ಇಟ್ಕೊಂಡೇನಿ.

ಮುಳ್ಳು ಇಳದೂ ಹೊರಗ ಎಲ್ಲೂ ಹಸಿ ಇಲ್ಲಂದ್ರ ಈಗ ಗ್ಯಾಸ್ಕೆಟ್ ಮಾತು. ಅದಕ್ಕೂ ಸಾಕ್ಷಿ ಕೇಳ್ರಿ. ಪೂರ್ತಿ ತಣ್ಣಗಿರೋ ಎಂಜಿನ್ ಚಾಲು ಮಾಡಿ ಒಂದು ನಿಮಿಷದಾಗ ಮ್ಯಾಲಿನ ಹೋಸ್ ಹಿಚುಕಿ ನೋಡ್ರಿ, ನೀರು ಇನ್ನೂ ಕಾದಿಲ್ಲ, ಆದ್ರೂ ಪೈಪ್ ಕಲ್ಲಿನಂಗ ಬಿರುಸಾಗೇತಿ ಅಂದ್ರ ಸಿಲಿಂಡರ್ ಗ್ಯಾಸ್ ಒಳಗ ಹೊಕ್ಕೈತಿ. ರಾತ್ರಿ ನಿಲ್ಲಿಸಿದ ಗಾಡಿ ಮುಂಜಾನೆಗೂ ಪೈಪ್ ಬಿರುಸ ಇದ್ರೂ ಅದ ಕಥಿ. ಕೆಲವು ಗ್ಯಾರೇಜಿನ್ಯಾಗ ನೀಲಿ ದ್ರಾವಣದ ಟೆಸ್ಟ್ ಐತಿ, ರೇಡಿಯೇಟರ್ ಬಾಯಿ ಮ್ಯಾಲಿನ ಗಾಳಿ ಅದರಾಗ ಹಾಯಸ್ತಾರ, ಹೊಗಿ ಗ್ಯಾಸ್ ಇದ್ರ ಬಣ್ಣ ತಿರಗತೈತಿ. ಇನ್ನೂ ಗಟ್ಟಿ ಸಾಕ್ಷಿ ಬೇಕಂದ್ರ ಹೀಟರ್ ಪ್ಲಗ್ (ಚಾಲು ಮಾಡೋ ಮುಂದ ಸಿಲಿಂಡರ್ ಕಾಯಿಸೋ ಪ್ಲಗ್) ಎಲ್ಲಾ ಬಿಚ್ಚಿ, ರಾತ್ರಿಪೂರ್ತಿ ಪ್ರೆಶರ್ ಹಾಕಿ ಬಿಟ್ಟು, ಮುಂಜಾನೆ ಸೆಲ್ಫ್ ಹೊಡೀರಿ, ಯಾವ ತೂತಿಂದ ನೀರು ಪಿಚಕಾರಿ ಹೊಡೀತೈತೋ ಅದ ಸಿಲಿಂಡರ್. ಮಾರಿ ದೂರ ಇಟ್ಕೊಳ್ರಿ. ಇದನ್ನ ಇಷ್ಟು ಒತ್ತಿ ಯಾಕ ಹೇಳ್ತೀನಂದ್ರ ಸಿಲಿಂಡರ್‌ನ್ಯಾಗ ನೀರು ನಿಂತಾಗ ಪ್ಲಗ್ ಬಿಚ್ಚದ ಸೆಲ್ಫ್ ಹೊಡದ್ರ ಕನೆಕ್ಟಿಂಗ್ ರಾಡ್ ಮಣೀತೈತಿ, ನೀರು ಹಿಚುಕಿದ್ರ ಸಣ್ಣದಾಗಂಗಿಲ್ಲಲ್ಲ. ಈ ಮೂರರಾಗ ಒಂದರ ಸಾಕ್ಷಿ ಸಿಕ್ಕ ಮ್ಯಾಲೆ ಹೆಡ್ ಇಳಿಸ್ರಿ, ಇಳಿಸಿದ ಮ್ಯಾಲೆ ಬರೇ ಗ್ಯಾಸ್ಕೆಟ್ ಬದಲಿ ಮಾಡಿ ಕೂಡಿಸಬ್ಯಾಡ್ರಿ, ಹೆಡ್ ಬಾಗೇತೇನು, ಬಿರುಕು ಐತೇನು ಚೆಕ್ ಮಾಡಿಸಿ, ಬೇಕಂದ್ರ ಫೇಸಿಂಗ್ ಮಾಡಿಸ್ರಿ, ಅಂದ್ರ ಮಶೀನಿಗೆ ಹಾಕಿ ಹೆಡ್ಡಿನ ತಳ ಸಪಾಟ ಮಾಡಿಸೋದು.

ಮುಳ್ಳು ನಡುವನ ಐತಿ ಅಂದ್ರಲ್ಲ, ಅದರ ಮ್ಯಾಲ ಭಾಳ ನಂಬಿಗಿ ಇಡಬ್ಯಾಡ್ರಿ. ಸೆನ್ಸರ್ ನೀರಿನ್ಯಾಗ ಮುಳಗಿದ್ರಷ್ಟ ಖರೇ ಹೇಳ್ತೈತಿ. ನೀರು ಅದರ ಕೆಳಗ ಇಳದ್ರ ಸೆನ್ಸರಿಗೆ ತಾಗೋದು ಬರೇ ಆವಿ ಗಾಳಿ, ಎಂಜಿನ್ ಬೇಯಾಕತ್ತಿದ್ರೂ ಮುಳ್ಳು ಕೆಳಗ ಇಳಿಬಹುದು. ಓಡಬೇಕಾದ್ರ ಮುಳ್ಳು ಒಮ್ಮಿಂದೊಮ್ಮೆ ಇಳೀತು ಅಂದ್ರ ಬದಿಗೆ ಹಾಕಿ ಬಂದ್ ಮಾಡ್ರಿ.

ಮತ್ತ ಆ ಬೋರಿನ ನೀರು ಬಿಡ್ರಿ. ಅಣ್ಣಿಗೇರಿ, ನವಲಗುಂದ, ಗದಗ ಕಡೆ ಬೋರಿನ ನೀರು ಎಂಥಾ ಗಡಸು ಅಂತ ನಿಮ್ಮ ಮನಿಯವರನ್ನ ಕೇಳ್ರಿ, ಅರವಿ ಒಗಿಯೋರಿಗೆ ಗೊತ್ತಿರ್ತೈತಿ. ಅದು ಒಳಗ ಸುಣ್ಣ ಕಟ್ಟತೈತಿ, ತುಕ್ಕು ಹಿಡಸ್ತೈತಿ. ಕೂಲೆಂಟ್ ಅಂದ್ರ ಬರೇ ತಂಪಿಗಲ್ಲ, ತುಕ್ಕು ಹಿಡೀದಂಗ ಕಾಯೋ ಔಷಧ ಅದರಾಗ ಇರ್ತೈತಿ, ನೀವು ವಾರಾ ವಾರಾ ನೀರು ಹಾಕಿ ಅದನ್ನ ತೆಳ್ಳಗ ಮಾಡೀರಿ. ಲೀಕ್ ಸಿಗೋತನಕ ಹಾಕಾಕ ಬೇಕಂದ್ರ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಐದ ಲೀಟರ್ ಕ್ಯಾನ್ ಒಂದು ಗಾಡಿಯೊಳಗ ಇಟ್ಕೊಳ್ರಿ.

ಇದ ಓದುಗರು ಮತ್ತ ಬರದಿದ್ದು: ಸರ, ನೀವು ಹೇಳಿದಂಗ ರಟ್ಟು ಹಾಸಿದೆ, ಮೂರ ದಿನ ಏನೂ ಬೀಳಲಿಲ್ಲ. ಕ್ಯಾಪ್ ಹೊಸಾದು ಹಾಕಿದೆ, ಆದ್ರೂ ಇಳೀತು. ಹುಬ್ಬಳ್ಳಿಯೊಳಗ ಪ್ರೆಶರ್ ಟೆಸ್ಟ್ ಮಾಡಿಸಿದೆ. ಒಂದು ಬಾರ್ ಹೊಡದ್ರು, ಚಾ ಕುಡದು ಬರೋದ್ರಾಗ 0.7ಕ್ಕ ಬಂದಿತ್ತು. ಸ್ಟಾರ್ಟರ್ ಮೋಟರ್ ಹಿಂದ ಒಂದು ಡಮ್ಮಿ ತುಕ್ಕು ಹಿಡದು ಸೂಜಿ ಮೊನೆಯಷ್ಟು ತೂತ ಬಿದ್ದಿತ್ತು, ಅಲ್ಲಿಂದ ಹನಿ ಬಂದು ಬಿಸಿ ಬ್ಲಾಕ್ ಮ್ಯಾಲನ ಆರತಿತ್ತಂತ. ಸುತ್ತಲೂ ಬಿಳಿ ಸುಣ್ಣ ಕಟ್ಟಿತ್ತು, ನಾ ಅದನ್ನ ಧೂಳು ಅಂತ ತಿಳದಿದ್ದೆ. ಸಾಮಾನಿಗೆ ನೂರೈವತ್ತು ರೂಪಾಯಿ ಒಳಗ, ಸ್ಟಾರ್ಟರ್ ಬಿಚ್ಚಿ ಹಾಕಿದ್ದಕ್ಕ ಕೂಲಿ 1,200. ಈಗ ಹನ್ನೆರಡ ದಿನ ಆತು, ಲೆವಲ್ ಹಂಗ ಐತಿ. ಉಳದ ಡಮ್ಮಿನೂ ಬದಲಿ ಮಾಡಿಸಲ್ಯಾ?

ಉತ್ತರ: ಮಾಡಿಸ್ರಿ. ಒಂದು ತೂತ ಬಿದ್ದೈತಿ ಅಂದ್ರ ಉಳದವೂ ಅದ ನೀರು ಕುಡದಾವು. ಕೈಗೆ ಸಿಗೋವನ್ನ ಈಗ ಬದಲಿ ಮಾಡ್ರಿ, ಗೇರ್‌ಬಾಕ್ಸ್ ಹಿಂದ ಇರೋದನ್ನ ಮುಂದ ಕ್ಲಚ್ ಪ್ಲೇಟ್ ಹಾಕಿಸಬೇಕಾದ್ರ ಒಟ್ಟಿಗೆ ಮಾಡ್ರಿ, ಅದಕ್ಕಂತಲೇ ಗೇರ್‌ಬಾಕ್ಸ್ ಇಳಸೋದು ಬ್ಯಾಡ. ಒಳಗಿನ ನೀರು ಪೂರ್ತಿ ತಗದು, ಎರಡ ಸಲ ತೊಳದು, ಹೊಸಾ ಕೂಲೆಂಟ್ ಹಾಕಿಸ್ರಿ. ತಗದ ಹಳೇ ಕೂಲೆಂಟ್ ಅಂಗಳದಾಗ ಚೆಲ್ಲಬ್ಯಾಡ್ರಿ, ಅದು ಸಿಹಿ ಇರ್ತೈತಿ, ನಾಯಿ, ಕರ ನೆಕ್ಕಿದ್ರ ಕಿಡ್ನಿ ಹೋಗಿ ಸಾಯ್ತಾವು. ಡಬ್ಬಿಗೆ ತುಂಬಿ ಗ್ಯಾರೇಜಿನವರಿಗೇ ಕೊಡ್ರಿ.

ಪ್ರಶ್ನೆ: ರೇಡಿಯೇಟರ್‌ಗೆ ಅರಿಶಿಣ ಪುಡಿ ಹಾಕಿದ್ರ ಲೀಕ್ ನಿಲ್ತೈತಿ ಅಂತ ನಮ್ಮ ಕಾಕಾರು ಹೇಳ್ತಾರ. ಅವರು ಲಾರಿ ಹೊಡದವರು. ಖರೇನ್ರಿ?
ಮುಂಡರಗಿಯ ಓದುಗರು

ಉತ್ತರ: ನಿಮ್ಮ ಕಾಕಾರು ಸುಳ್ಳು ಹೇಳಿಲ್ಲ. ಪುಡಿ ನೀರಿನ್ಯಾಗ ಉಬ್ಬಿ ಸಣ್ಣ ತೂತಿಗೆ ಹೋಗಿ ಕುಂಡ್ರತೈತಿ, ರಾತ್ರಿ ಎರಡಕ್ಕ ಅರಬೈಲ್ ಘಟ್ಟದಾಗ ಸಿಕ್ಕಿಬಿದ್ದವರಿಗೆ ಅದ ದೇವರು. ಆದ್ರ ಅದಕ್ಕ ಯಾವುದು ಲೀಕಿನ ತೂತು, ಯಾವುದು ರೇಡಿಯೇಟರ್‌ನ ಸಣ್ಣ ಕೊಳವಿ ಅಂತ ಗುರ್ತು ಸಿಗಂಗಿಲ್ಲ, ಎರಡನ್ನೂ ಮುಚ್ಚತೈತಿ. ಹಳೇ ಲಾರಿ ರೇಡಿಯೇಟರ್‌ನ ಕೊಳವಿ ಅಗಲ ಇರ್ತಿದ್ವು, ತಾಮ್ರ ಹಿತ್ತಾಳಿದು, ಬಿಚ್ಚಿ ಕಡ್ಡಿ ಹಾಕಿ ಸ್ವಚ್ಛ ಮಾಡಬಹುದಿತ್ತು. ಈಗಿನವು ಅಲ್ಯೂಮಿನಿಯಂ, ಪ್ಲಾಸ್ಟಿಕ್ ಟ್ಯಾಂಕು, ಕಟ್ಟಿದ್ರ ಹೊಸಾದ ತರಬೇಕು. ಮನಿ ಮುಟ್ಟಾಕಷ್ಟ ಬಳಸ್ರಿ, ಮುಟ್ಟಿದ ಮರುದಿನನ ತೊಳಸ್ರಿ.

ಪ್ರಶ್ನೆ: ನನ್ನ ಪಿಕಪ್ 2018ರದು, ಬಿಎಸ್-4. ಕೂಲೆಂಟ್ ಕಡಿಮಿ ಆಗ್ತೈತಿ, ಪೈಪ್ ಬಿರುಸಾಗಂಗಿಲ್ಲ, ನೀಲಿ ದ್ರಾವಣದ ಟೆಸ್ಟಿನ್ಯಾಗ ಬಣ್ಣ ತಿರಗಲಿಲ್ಲ, ಎಣ್ಣಿ ಸ್ವಚ್ಛ, ಹೊರಗ ಲೀಕ್ ಇಲ್ಲ. ಮುಂಜಾನೆ ಚಾಲು ಮಾಡಿದಾಗಷ್ಟ ಬಿಳಿ ಹೊಗಿ, ಸಿಹಿ ವಾಸನಿ.
ರಾಣೆಬೆನ್ನೂರಿನ ಓದುಗರು

ಉತ್ತರ: ನೀವು ಟೆಸ್ಟ್ ಎಲ್ಲಾ ಮಾಡಿಸಿ ಬರದೀರಿ, ಕೆಲಸ ಹಗುರಾತು. ನಿಮ್ಮ ಗಾಡಿಗೆ ಇಜಿಆರ್ ಕೂಲರ್ ಐತೇನು ನೋಡಿಸ್ರಿ. ಸೈಲೆನ್ಸರ್‌ಗೆ ಹೋಗೋ ಹೊಗಿಯೊಳಗ ಒಂದು ಪಾಲು ತಿರುಗಿ ಎಂಜಿನ್‌ಗೆ ಬಿಡ್ತಾರ, ಅದನ್ನ ತಣ್ಣಗ ಮಾಡಾಕ ಕೂಲೆಂಟ್ ಹಾಯೋ ಸಣ್ಣ ಡಬ್ಬಿ ಅದು. ಅದರೊಳಗಿನ ಕೊಳವಿ ಸೀಳಿದ್ರ ಕೂಲೆಂಟ್ ಹೊಗಿ ಸಂಗಡ ಹೋಗ್ತೈತಿ, ಗ್ಯಾಸ್ಕೆಟ್ ಹೋದಂಗನ ಕಾಣತೈತಿ. ಇಜಿಆರ್ ಪೈಪ್ ಬಿಚ್ಚಿ ಒಳಗ ಟಾರ್ಚ್ ಬಿಡ್ರಿ, ಒಣಾ ಮಸಿ ಇದ್ರ ಸರಿ, ಹಸಿ ಮಸಿ ಇಲ್ಲಾ ತೊಳದಂಗ ಸ್ವಚ್ಛ ಇದ್ರ ಅನುಮಾನ. ಕೂಲರ್ ಬಿಚ್ಚಿ ಬಾಯಿ ಬಂದ್ ಮಾಡಿ, ನೀರಿನ ಬಕೀಟಿನ್ಯಾಗ ಮುಳುಗಿಸಿ, ಒಂದು ಬಾರ್ ಗಾಳಿ ಬಿಡ್ರಿ, ಪಂಚರ್ ನೋಡಿದಂಗ. ಗುಳ್ಳಿ ಬಂದ್ರ ಕೂಲರ್ ಬದಲಿ ಮಾಡಿಸ್ರಿ, ಬರಲಿಲ್ಲಂದ್ರ ಪ್ಲಗ್ ಬಿಚ್ಚಿ ಸೆಲ್ಫ್ ಹೊಡಿಯೋ ಟೆಸ್ಟ್ ಮಾಡಿಸಿ ನನಗ ಬರೀರಿ. ಅಲ್ಲಿತನಕ ಉದ್ದನ ಬಾಡಿಗಿ ಹಿಡೀಬ್ಯಾಡ್ರಿ.